ತೂಕಕ್ಕೆ ಮುಂಚೆ

ಭಾನುವಾರ ಬೆಳಿಗ್ಗೆ ಆರಕ್ಕೆ ಲಾರಿ ಬರುತ್ತೆ,
ಪೆನ್ಷನ್ ಮೊಹಲ್ಲಾದ ಈ ಓಣಿಗೆ ಹಿಮ್ಮುಖವಾಗೇ ನುಗ್ಗುತ್ತೆ.
ಓದುವವರು ಅಷ್ಟರೊಳಗೆ ಓದಬೇಕು.
ಆಮೇಲೆ ಎಲ್ಲ ಒಂದೇ, ಕಿಲೋಗೆ ಹದಿನಾಲ್ಕು,
ನೆಂದು ಗಂಜಿಯಾಗಿ, ಒಣಗಿ ರಟ್ಟಾಗಿ
ಯಾರದೋ ಹೊಸ ಚಪ್ಪಲಿಯ ಡಬ್ಬಿ.

ನಾನು ಚಂದ್ರಮತಿ. ಏಳನೇ ಕ್ಲಾಸು.
ದಸ್ತಗೀರ್ ಸಾಬರ ಗುಜರಿಯಲ್ಲಿ ಕಾಗದ ಬೇರೆ ಮಾಡೋಳು.
ಬಿಳಿಯದು ಇತ್ತ, ಪೇಪರು ಅತ್ತ, ಹೊಳೆಯೋದು ಗೋಡೆಗೆ.
ಶನಿವಾರ ಮಧ್ಯಾಹ್ನ ಮಾತ್ರ ಇನ್ನೊಂದು ರಾಶಿ ಮಾಡ್ತೀನಿ,
ಮೊಣಕಾಲಿಗೆ ಒತ್ತಿಕೊಂಡು, ಸಣ್ಣದು.
ಸಾಬರು ನೋಡಿಯೂ ನೋಡದ ಹಾಗೆ ತಕ್ಕಡಿ ಒರೆಸ್ತಾರೆ.

ಈ ಸಲ ಫಸಲು ಚೆನ್ನಾಗಿದೆ.
ನೈಟ್ ಡ್ಯೂಟಿಯ ಫಿಲೋಮಿನಾ ಸಿಸ್ಟರ್‌ಗೆ
ವಿಧಾನಸಭೆಯ ನಡಾವಳಿ. ಇಸವಿ ಹರಿದುಹೋಗಿದೆ,
ಬೇಜಾರಿಲ್ಲ, ಯಾವ ಇಸವಿಗೂ ನಡೆಯುತ್ತೆ.
ಇನ್ನೂರ ಹದಿನೇಳರಿಂದ ಶುರು ಮಾಡಿ ಸಿಸ್ಟರ್.
ಒಬ್ಬ ಸದಸ್ಯರು ಆಸ್ಪತ್ರೆಯ ಮಂಚ ಎಷ್ಟು ಅಂತ ಕೇಳ್ತಾರೆ,
ಮಂತ್ರಿಗಳು ಎಮ್ಮೆ ಎಷ್ಟು ಅಂತ ಹೇಳ್ತಾರೆ,
ಪಕ್ಕದಲ್ಲಿ ಕಂಸ ಹಾಕಿ ‘ನಗು’ ಅಂತ ಅಚ್ಚಾಗಿದೆ.
ನಕ್ಕಿದ್ದು ಯಾರು ಅಂತಿಲ್ಲ.
ನನಗೂ ನಗು ಬಂತು. ಆಮೇಲೆ
ನಮ್ಮಮ್ಮ ಮಲಗಿದ್ದು ನೆನಪಾಯ್ತು, ವಾರ್ಡಿನ ಬಾಗಿಲ ಸಂದಿಯಲ್ಲಿ, ನೆಲಕ್ಕೆ,
ಎಡವಿದವರಿಗೆಲ್ಲ ‘ಪರವಾಗಿಲ್ಲ ಹೋಗಪ್ಪ’ ಅಂತಿದ್ದಳು.

ಅರಸೀಕೆರೆ ರೂಟಿನ ಕಂಡಕ್ಟರ್ ರಂಗಧಾಮಯ್ಯನಿಗೆ
ಮಕ್ಕಳ ಪತ್ರಿಕೆಯ ಒಂದೇ ಹಾಳೆ:
ಮರಿಜೇಡ ಬೇಲಿಯ ತುದಿಗೆ ಹತ್ತಿ, ಹಿಂಭಾಗ ಎತ್ತಿ,
ನೂಲು ಬಿಡುತ್ತಂತೆ, ಗಾಳಿಗೆ ತೇಲಿ ಊರು ಬಿಡುತ್ತಂತೆ.
ಟಿಕೆಟ್ಟಿಲ್ಲ. ಚಿಲ್ಲರೆ ಜಗಳವಿಲ್ಲ.

ಕೋರ್ಟಿನ ಮುಂದೆ ಟೈಪ್ ಹೊಡೆಯೋ ಜವರಪ್ಪನಿಗೆ ಗಟ್ಟಿಯದೇ ಬೇಕು.
ಸಿಕ್ಕಿತು: ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರಿನವರು
ಈಗ ಯಾವ ಊರಿನವರು, ಅಂತ ಒಬ್ಬರು ಬರೆದಿದ್ದು.
ಸಿಟ್ಟು ಏರುತ್ತಾ ಏರುತ್ತಾ ಹೋಗಿ
‘ಎಂಟನೇ ಪುಟ ನೋಡಿ’ ಅಂತ ನಿಲ್ಲುತ್ತೆ.
ಎಂಟನೇ ಪುಟ ಇಲ್ಲ.

ಗುರುವಾರದ ಕಟ್ಟು ಬಸ್‌ಸ್ಟ್ಯಾಂಡಿನ ಕಡಲೆಕಾಯಿ ಗಾಡಿಗೆ ಹೋಗಿತ್ತು.
ಹೋದೆ. ಮೂರು ಪೊಟ್ಟಣ ಕೊಂಡೆ, ಮೂರನ್ನೂ ಬಿಚ್ಚಿದೆ.
ಒಂದರಲ್ಲಿ ರಾಶಿಫಲ, ಒಂದರಲ್ಲಿ ಹೊಯ್ಸಿದ ಜಾಹೀರಾತು,
ಇನ್ನೊಂದರಲ್ಲಿ ‘ಆದ್ದರಿಂದ ನಾವೆಲ್ಲರೂ’,
ಆಮೇಲೆ ಎಣ್ಣೆಯ ಕಲೆ, ಉಪ್ಪು.
ಜವರಪ್ಪ ಅಂದ: ಸಾಕು ಬಿಡಮ್ಮ, ಮಿಕ್ಕಿದ್ದು ನಾನೇ ಹೊಡೀತೀನಿ.
ಹೊಡೆದ. ಎರಡು ಪುಟ. ನನಗೆ ಒಪ್ಪಿಗೆಯಾಗಲಿಲ್ಲ.
ಕಡಲೆಕಾಯಿ ಮುಗಿಯೋವರೆಗೂ ಜಗಳ ಆಡಿದೆವು.

ಒಂದು ಯಾರಿಗೂ ಕೊಡಲಿಲ್ಲ.
ಟೈಲರ್ ಕೆಂಚಮ್ಮನ ಚುನಾವಣೆಯ ಕರಪತ್ರ, ಗುರುತು ಹೊಲಿಗೆ ಯಂತ್ರ.
ಗೆದ್ದರೆ ಮಾರ್ಕೆಟ್ಟಿನಲ್ಲಿ ಹೆಂಗಸರಿಗೊಂದು ಪಾಯಿಖಾನೆ,
ಅಷ್ಟೇ, ಬೇರೆ ಭರವಸೆಯಿಲ್ಲ.
ಹಿಂದುಗಡೆ ಪೆನ್ಸಿಲಿನಲ್ಲಿ ಓಟು ಹಾಕಿರಬಹುದಾದವರ ಹೆಸರು,
ಅರವತ್ತೆಂಟು, ಕೆಲವಕ್ಕೆ ಪ್ರಶ್ನೆಚಿಹ್ನೆ.
ನಲವತ್ತಾರನೆಯದು ನನ್ನ ಹೆಸರು. ಚಿಹ್ನೆಯಿಲ್ಲ.
ನಾನು ಅವತ್ತು ಓಟಿಗೆ ಹೋಗಿರಲಿಲ್ಲ,
ಲೋಡು ಬಂದಿತ್ತು.

ಬೆಳಿಗ್ಗೆ ಲಾರಿಯವನು ಇಂಜಿನ್ ನಿಲ್ಲಿಸುವಷ್ಟರಲ್ಲಿ
ಡ್ಯೂಟಿ ಮುಗಿಸಿ ಸಿಸ್ಟರ್ ಬಂದರು, ಕಣ್ಣು ಕೆಂಪಗೆ.
ನಡಾವಳಿ ಕೈಗಿಟ್ಟರು. ಏನೂ ಹೇಳಲಿಲ್ಲ.
ಇನ್ನೂರ ಹದಿನೇಳು ಮಡಿಸಿತ್ತು. ‘ನಗು’ವಿನ ಪಕ್ಕ
ನೀಲಿ ಪೆನ್ನಿನಲ್ಲಿ: ಮಂಚ ಹದಿನೆಂಟು,
ರಾತ್ರಿ ಎರಡು ಗಂಟೆಗೆ ಜನ ಮೂವತ್ತೊಂದು.

ಆ ಹಾಳೆ ಹರಿದು ರವಿಕೆಯೊಳಗೆ ಇಟ್ಟುಕೊಂಡೆ.
ಮಿಕ್ಕಿದ್ದನ್ನ ತಕ್ಕಡಿಗೆ ಹಾಕಿದೆ.